ಅಳಿಯನ ಹಾವು ಮತ್ತು ನನ್ನ ಮಿಲ್ಲಿನ ಅಂಗಿ

ಆ ಹಾವು ನಮ್ಮ ಮನೆಗೆ ಬಂದದ್ದು ಸರ್ಕಾರಿ ಬಸ್ಸಿನಲ್ಲಿ, ದಿಂಬಿನ ಚೀಲದೊಳಗೆ, ನನ್ನ ಅಳಿಯನ ತೊಡೆಯ ಮೇಲೆ ಕೂತು. ಮಗಳು ಬಸುರಿ ಎಂದು ಅವಳಿಗೆ ಬಾಡಿಗೆ ಕಾರು ಮಾಡಿದ್ದರು. ಚೀಲದಲ್ಲಿ ಇರುವುದೇನು ಎಂದು ತಿಳಿದ ಕೂಡಲೇ ಕಾರಿನವನು, ಅದು ಹತ್ತಿದರೆ ನಾನು ಇಳಿಯುತ್ತೇನೆ ಎಂದನಂತೆ. ಹಾಗಾಗಿ ಮಗಳು ಕಾರಿನಲ್ಲಿ ಮುಂದೆ ಬಂದಳು. ಅಳಿಯ ಹಟ್ಟಿಯಿಂದ ಲಿಂಗಸುಗೂರಿಗೆ ಒಂದು ಬಸ್ಸು, ಅಲ್ಲಿಂದ ಮಸ್ಕಿ ಮೇಲೆ ಸಿಂಧನೂರಿಗೆ ಇನ್ನೊಂದು ಬಸ್ಸು ಹಿಡಿದು ಹಿಂದೆ ಬಂದ. ಮಸ್ಕಿಯಲ್ಲಿ ಹತ್ತಿದ ಮುದುಕನೊಬ್ಬ ಪಕ್ಕದಲ್ಲಿ ಕೂತು, “ಏನೈತಿ ತಮ್ಮಾ ಚೀಲದಾಗ, ಕೂಸಿನಂಗ ಹಿಡಕೊಂಡೀದಿ?” ಎಂದು ಕೇಳಿದನಂತೆ. “ರೊಟ್ಟಿ ರೀ,” ಅಂದ ಅಳಿಯ. ರೊಟ್ಟಿ ಮಗ್ಗುಲು ಬದಲಿಸಿತು. ಮುದುಕ ಎದ್ದು ಹೋಗಿ ಡ್ರೈವರನ ಬೆನ್ನ ಹಿಂದೆ ನಿಂತವನು ಸಿಂಧನೂರು ಬರುವವರೆಗೆ ಕೂರಲಿಲ್ಲ.

ಅಳಿಯ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು. ಹೈದರಾಬಾದಿನ ಗೆಳೆಯನೊಬ್ಬ ಊರು ಬಿಡುವಾಗ ಈ ಹಾವನ್ನು ಅವನ ಕೈಗಿಟ್ಟು ಹೋಗಿದ್ದ. ನಮ್ಮ ನೆಲದ ಹಾವು ಸಾಕಿದರೆ ಜೈಲು, ಇದು ಪರದೇಶದ್ದು, ವಿಷವಿಲ್ಲ, ಸರ್ಕಾರದ ಕಾಗದವೂ ಇದೆ ಎಂದು ಅಳಿಯ ನನಗೆ ತಿಳಿಸಿ ಹೇಳಿದ. ಒಣಮೆಣಸಿನಕಾಯಿಯ ಬಣ್ಣ, ಎರಡು ಮೊಳ ಉದ್ದ, ಕಿರುಬೆರಳಿಗಿಂತ ತುಸು ದಪ್ಪ. ಅದರ ದೇಶದಲ್ಲಿ ಅದನ್ನು ಜೋಳದ ಹಾವು ಎಂದು ಕರೆಯುತ್ತಾರಂತೆ. ಆ ಹೆಸರು ಕೇಳಿ ನನ್ನ ಹೆಂಡತಿಗೆ ಜೀವ ಬಂತು. “ಹಂಗಾರ ರೊಟ್ಟಿ ಹಾಕಿದ್ರ ನಡೀತೈತಲ್ಲ?” ಅಂದಳು. ಅಳಿಯ ಬ್ಯಾಗಿನಿಂದ ಒಂದು ಡಬ್ಬಿ ತೆಗೆದ. ಒಳಗೆ ಬಿಳಿ ಇಲಿಗಳು, ಬರ್ಫದಲ್ಲಿ ಕಲ್ಲಾಗಿ ಸಾಲಾಗಿ ಮಲಗಿದ್ದವು.

“ಇವನ್ನ ಫ್ರಿಜ್ಜಿನಾಗ ಇಡಬೇಕ್ರಿ ಅತ್ತಿ.”

ಆಕೆ ಅಳಿಯನ ಮುಖ ನೋಡಿದಳು, ಫ್ರಿಜ್ಜಿನ ಮುಖ ನೋಡಿದಳು. ಬೇರೆ ಯಾರಾದರೂ ಹೇಳಿದ್ದರೆ ಡಬ್ಬಿ ಬೀದಿಗೆ ಬೀಳುತ್ತಿತ್ತು. ಹೇಳಿದವನು ಅಳಿಯ, ನುಂಗಿಕೊಂಡಳು. ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ಡಬ್ಬಿಯನ್ನು ಬರ್ಫದ ಖಾನೆಗೆ ತಳ್ಳಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಅಳಿಯನ ಬುತ್ತಿ.

“ಇದಕ್ಕ ಇಷ್ಟು ಫಜೀತಿ ಯಾಕಪಾ? ನಮ್ಮ ಗೋದಾಮಿಗೆ ಬಾ, ಒಂದೊಂದು ಇಲಿ ಬೆಕ್ಕಿನಷ್ಟು ಅದಾವ,” ಅಂದೆ ನಾನು.

“ಬ್ಯಾಡ್ರಿ ಮಾವ. ಮಿಲ್ಲಿನ ಇಲಿ ಪಾಷಾಣ ತಿಂದಿರ್ತಾವು. ಅದನ್ನ ತಿಂದ್ರ ಇದು ಸಾಯ್ತೈತಿ.”

ನಾನು ಅಕ್ಕಿ ಮಿಲ್ಲಿನ ಮನುಷ್ಯ. ಆರನೆಯ ಇಯತ್ತೆಯಲ್ಲಿ ಪಾಟಿಚೀಲ ಬಿಟ್ಟು ನೆಲ್ಲಿನ ಚೀಲ ಹೊತ್ತವನು. ಈಗ ಗೋದಾಮಿನ ಮೇಸ್ತ್ರಿ. ಚೀಲದ ಮೇಲೆ ಚೀಲ ಪೇರಿಸಿ ಸೂರಿನವರೆಗೆ ಒಟ್ಟುವುದಕ್ಕೆ ನಾವು ನಿಟ್ಟು ಎನ್ನುತ್ತೇವೆ. ನನ್ನ ಕೈಯ ನಿಟ್ಟು ಇವತ್ತಿನವರೆಗೆ ಒಂದು ಬೆರಳು ವಾಲಿಲ್ಲ. ಚೀಲಕ್ಕೆ ಮೂಗು ಹಚ್ಚಿ ನೆಲ್ಲು ಎಷ್ಟು ಹಸಿ ಇದೆ ಎಂದು ಹೇಳುತ್ತೇನೆ. ಮಾಲೀಕರು ಮಿಷನ್ ತಂದ ಮೇಲೂ ಮೊದಲು ನನ್ನನ್ನೇ ಕೇಳುತ್ತಾರೆ. ಇಂಥ ಮೂಗು ಇಟ್ಟುಕೊಂಡೂ ನನಗೆ ಆಮೇಲೆ ಆದದ್ದು ಆಯಿತು.

ಹಾವು ನಮ್ಮಲ್ಲಿಗೆ ಬಂದದ್ದು ಬೀಗತಿಯಿಂದಾಗಿ. ಮಗಳು ತವರಿಗೆ ಬಂದರೆ ಮಗನಿಗೆ ರೊಟ್ಟಿ ಬಡಿಯುವವರಿಲ್ಲ ಎಂದು ಆಕೆ ಮಸ್ಕಿಯಿಂದ ಹಟ್ಟಿಗೆ ಹೊರಟಿದ್ದಳು. ಹೊರಡುವ ಮೊದಲು ಆ ಮನೆಯಲ್ಲಿ ಹಾವಾದರೂ ಇರಬೇಕು, ತಾನಾದರೂ ಇರಬೇಕು ಎಂದು ಹೇಳಿ ಕಳಿಸಿದ್ದಳು. ಹಾವು ಬಂದ ಸಂಜೆಯೇ ನಮಗೆ ಫೋನು ಮಾಡಿದಳು. ಹೆಂಡತಿ ಸ್ಪೀಕರ್ ಹಾಕಿದಳು.

“ಇಲ್ಲಿ ಕೇಳ್ರಿ ಬೀಗರ, ಕೂಸು ಬರೂ ಮನಿ ಅದು. ಕಚ್ಚೋ ಹಾವು ತೊಟ್ಟಿಲ ಮಗ್ಗಲಕ ಬ್ಯಾಡ. ಯಾರಿಗರ ಕೊಟ್ಟು ಕಳಿಸಿಬಿಡ್ರಿ.”

ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಸಣ್ಣದಾಯಿತು. ಗಂಡ ಪಾಳಿಗೆ ಹೋದಾಗ ಆ ಕಂಪನಿ ಮನೆಯಲ್ಲಿ ಅವಳ ಜೊತೆಗಿದ್ದದ್ದು ಅದೊಂದೇ. ‘ಅದು ಚಾಡಿ ಹೇಳಂಗಿಲ್ಲಪ್ಪಾ, ಪಗಾರ ಕೇಳಂಗಿಲ್ಲ’ ಎಂದು ನಗುತ್ತಿದ್ದಳು. ಆ ಮುಖ ನೋಡಿ ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು.

“ಬೀಗತೇರ, ಅದು ಹಗ್ಗ ಇದ್ದಂಗ ಐತಿ. ಕುಬಸಕ್ಕ ಬರ್ತೀರಲ್ಲ? ನಿಮ್ಮ ಕಣ್ಣ ಮುಂದ ನನ್ನ ಕೈಯಾಗ ಆಡಸ್ತೀನಿ ನೋಡ್ರಿ.”

“ಹಂಗಾತು. ನಿಮ್ಮ ಕೈಯಾಗ ಸುಮ್ಮಕಿತ್ತಂದ್ರ ಮನಿಗೆ ತಿರುಗಿ ಬರಲಿ. ಕಚ್ಚಿತಂದ್ರ ಅವತ್ತ ಅದರ ದಾರಿ ಅದಕ್ಕ.”

ಕುಬಸ ಅಂದರೆ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಡಿ ತುಂಬುವ ದಿನ. ಅದಕ್ಕೆ ಇನ್ನೂ ಒಂದು ತಿಂಗಳಿತ್ತು. ಅಲ್ಲಿಯವರೆಗೆ ನಾನು ಆ ಹಾವನ್ನು ಮುಟ್ಟಿಯೂ ನೋಡಿರಲಿಲ್ಲ.

ಅಳಿಯ ಪಾಳಿಗೆಂದು ಮರಳಿ ಹೋದ. ಮಗಳ ಜೊತೆ ಕಾರಿನಲ್ಲಿ ಬಂದಿದ್ದ ಹಾವಿನ ಗಾಜಿನ ಪೆಟ್ಟಿಗೆ ಪಡಸಾಲೆಯಲ್ಲಿ ಕೂತಿತು. ಮಗಳು ನೋಡಿಕೊಳ್ಳಬಹುದಿತ್ತು, ಆದರೆ ಪಕ್ಕದ ಮನೆಯ ಖಾಲಾ ಬಿಡಬೇಕಲ್ಲ. ಓಣಿಯ ಅರ್ಧ ಮಕ್ಕಳು ಈ ಮುದುಕಿಯ ಕೈಯಲ್ಲೇ ಹುಟ್ಟಿದ್ದು, ಬಸುರಿಯರ ವಿಷಯದಲ್ಲಿ ಆಕೆಯ ಮಾತು ನಮ್ಮಲ್ಲಿ ಕೋರ್ಟಿನ ತೀರ್ಪು. “ನಕ್ಕೋ ಬೇಟಿ, ಬ್ಯಾಡ! ಬಸರಿ ಹೆಂಗಸು ಹಾವಿನ ಎದುರಿಗೆ ಬಂದ್ರ ಅದರ ಕಣ್ಣು ಹೋಗ್ತಾವು,” ಅಂದಳು. ನನ್ನ ಹೆಂಡತಿ ಕೂಡಲೇ ಪೆಟ್ಟಿಗೆಗೆ ಹಳೆಯ ಸೀರೆ ಹೊದಿಸಿದಳು. ಮಗಳು ಅಡುಗೆಮನೆಯಿಂದ ಹುಕುಂ ಕೊಡುವುದು, ನಾನು ಪಡಸಾಲೆಯಲ್ಲಿ ಕೆಲಸ ಮಾಡುವುದು ಎಂದು ಠರಾವಾಯಿತು.

ಮೊದಲ ಊಟದ ದಿನ ಮಿಲ್ಲಿನಿಂದ ಬಂದವನು ಅಂಗಿ ಸಹ ಬಿಚ್ಚದೆ ಕೂತೆ. ಕೆಲಸ ಮೊದಲು, ಚಹಾ ಆಮೇಲೆ, ನನ್ನ ಪದ್ಧತಿ ಅದು. ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಒಲೆಯ ಚಿಮಟದಲ್ಲಿ ಬಾಲ ಹಿಡಿದು, ಪೆಟ್ಟಿಗೆಯ ಜಾಲರಿ ಮುಚ್ಚಳ ಸರಿಸಿದೆ. ಹಾವು ಕತ್ತು ಮಡಚಿತು. ಬಾಲವನ್ನು ಒಣ ಎಲೆಯ ಹಾಗೆ ಪಟಪಟ ನಡುಗಿಸಿತು. ಚಿಮಟದ ತುದಿಯಲ್ಲಿ ತೂಗುತ್ತಿದ್ದ ಇಲಿಯನ್ನು ಕಣ್ಣೆತ್ತಿಯೂ ನೋಡದೆ, ಅದರ ಪಕ್ಕದಿಂದ ಹಾದು, ಚಿಮಟ ಹಿಡಿದವನ ಹೆಬ್ಬೆರಳಿಗೆ ಜೋತುಬಿದ್ದಿತು.

“ಅಯ್ಯಯ್ಯೋ!”

“ಎಳೀಬ್ಯಾಡ ಅಪ್ಪಾ!” ಒಳಗಿನಿಂದ ಮಗಳು. “ಎಳದ್ರ ಅದರ ಹಲ್ಲು ಮುರೀತಾವು! ತಲಿ ಮ್ಯಾಲ ತಣ್ಣೀರು ಬಿಡು!”

“ಅಪ್ಪನ ಬೆರಳು ಹೋಗಾಕತ್ತೈತಿ, ಈಕಿಗೆ ಅದರ ಹಲ್ಲಿನ ಚಿಂತಿ,” ಎಂದು ಹೆಂಡತಿ ಕೊಡದಲ್ಲಿದ್ದ ಅಷ್ಟೂ ನೀರನ್ನು ಹಾವಿನ ಮೇಲೂ ನನ್ನ ಮೇಲೂ ಸುರಿದಳು. ಹಾವು ಬಿಟ್ಟಿತು. ಬೆರಳಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುರುತು, ಎರಡು ಹನಿ ರಕ್ತ, ಅಷ್ಟೇ. ನೋವು ಬೆರಳಿಗೆ ಆದದ್ದಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಹೆದರುತ್ತ ಹೆದರುತ್ತ ಅದೇ ಚಿಮಟ ಹಿಡಿದಾಗ ಅದು ಮಠದ ಹುಡುಗನ ಹಾಗೆ ಮೆಲ್ಲಗೆ ಇಲಿಯನ್ನು ಇಸಿದುಕೊಂಡು ನುಂಗಿತು.

ಆಮೇಲೆ ದಿನಾ ಸಂಜೆ ಇದೇ ಕಥೆ. ಕುಬಸದ ಹೊತ್ತಿಗೆ ರೂಢಿಯಾಗಲಿ ಎಂದು ಮಿಲ್ಲಿನಿಂದ ಬಂದ ಕೂಡಲೇ ಪೆಟ್ಟಿಗೆಯ ಮುಂದೆ ಕೂರುತ್ತಿದ್ದೆ. ಮಾತಾಡಿಸಿದೆ. ಗದರಿಸಿದೆ. ಹೊಸ ಹಮಾಲರನ್ನು ಪಳಗಿಸುವ ನನ್ನ ದನಿಯಲ್ಲಿ ‘ಏ, ಸುಮ್ಮಕಿರಲೇ’ ಅಂದೆ. ಹಮಾಲರು ಆ ದನಿಗೆ ನಿಲ್ಲುತ್ತಾರೆ, ಹಾವು ಕಚ್ಚಿತು. ಮಂಗಳವಾರ ಅಂಗೈ, ಬುಧವಾರ ಮಣಿಕಟ್ಟು. ಹೆಂಡತಿ ಅರಿಶಿನದ ಬಟ್ಟಲನ್ನು ಪೆಟ್ಟಿಗೆಯ ಮಗ್ಗುಲಲ್ಲೇ ಇಟ್ಟುಬಿಟ್ಟಳು, ಓಡಾಡುವುದು ತಪ್ಪಲಿ ಎಂದು.

ಅಷ್ಟರಲ್ಲಿ ಹಾವಿನ ಕಣ್ಣು ಬೆಳ್ಳಗಾದವು. ಹಾಲಿಗೆ ನೀಲಿ ಬೆರೆಸಿದ ಹಾಗೆ ಮಂಜು ಮುಚ್ಚಿಕೊಂಡವು. ಖಾಲಾ ಬಂದು ನೋಡಿ ಎದೆ ತಟ್ಟಿಕೊಂಡಳು. “ದೇಖೋ! ನಾ ಏನ್ ಹೇಳಿದ್ದೆ? ಹುಡುಗಿ ಕದ್ದು ನೋಡ್ಯಾಳ! ಕಣ್ಣು ಕಾಣ್ದೇ ಪಾಪ ನಿನ್ನ ಕಚ್ಚಾಕತ್ತೈತಿ.”

“ಅದು ಪೊರಿ ಬಿಡಾಕತ್ತೈತಿ ಖಾಲಾ, ಹೊಸ ಚರ್ಮ ಬರೂ ಮುಂದ ಕಣ್ಣು ಹಂಗ ಆಗ್ತಾವು,” ಎಂದು ಮಗಳು ಒಳಗಿನಿಂದ ಕೂಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗಂತೂ ಖಾಲಾನ ಮಾತೇ ಹಿಡಿಸಿತು. ಕಾಣದೆ ಕಚ್ಚಿದರೆ ನನಗೇನು ಅವಮಾನ? ಕಂಡು ಕಚ್ಚಿದರೆ ತಾನೇ?

ಹಾವು ಪೊರೆ ಕಳಚಿತು. ಹೊಸ ಮೆಣಸಿನಕಾಯಿಯಂತೆ ಹೊಳೆಯತೊಡಗಿತು, ಕಣ್ಣು ಮಣಿಯಂತಾದವು, ಖಾಲಾನ ತೀರ್ಪೂ ಅಲ್ಲಿಗೆ ಸಡಿಲಾಯಿತು. ಆ ಸಂಜೆ ಮಿಲ್ಲಿನಿಂದ ಬಂದು ಭರವಸೆಯಿಂದ ಕೈ ಒಳಗಿಟ್ಟೆ. ಇಷ್ಟು ದಿನ ಅಂದಾಜಿನಲ್ಲಿ ಕಚ್ಚುತ್ತಿದ್ದದ್ದು ಅವತ್ತು ಗುರಿಯಿಟ್ಟು ಕಚ್ಚಿತು.

ಆಗ ಬಂತು ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಹಮಾಲರು ಚೀಲ ಮುಟ್ಟುವುದಿಲ್ಲ, ಗೋದಾಮು ಬಂದ್. ಬೆಳಿಗ್ಗೆ ಹೆಂಡತಿ ತಲೆಗೆ ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಕುದಿಯುವ ನೀರು ಹಾಕಿದಳು. ಒಗೆದ ಧೋತರ ಉಟ್ಟು, ಹೋಳಿಗೆ ಉಂಡು, ಪಡಸಾಲೆಯಲ್ಲಿ ಕೂತವನು ಸುಮ್ಮನೆ ಪೆಟ್ಟಿಗೆಗೆ ಕೈ ಹಾಕಿದೆ. ಹಾವು ನಾಲಗೆ ಚಾಚಿ ಕೈ ನೋಡಿತು. ಬೆರಳ ಸಂದಿಯಿಂದ ಹಾದು, ಮೊಣಕೈ ಸುತ್ತಿ, ತೋಳು ಹತ್ತಿ ಹೆಗಲ ಮೇಲೆ ತಲೆ ಇಟ್ಟಿತು. ತಣ್ಣಗೆ, ಮೆತ್ತಗೆ, ಹರಿಯುವ ನೆಲ್ಲಿನ ಹಾಗೆ. ನಾನು ಉಸಿರು ಬಿಟ್ಟರೆ ಎಲ್ಲಿ ಮುನಿಯುತ್ತದೋ ಎಂದು ಉಸಿರು ಹಿಡಿದು ಕೂತೆ.

ಎಂಥವನಿಗಾದರೂ ಏನನ್ನಿಸಬೇಕಿತ್ತು? ನನಗೆ ಅನ್ನಿಸಿದ್ದು ಇದು: ಹಾವಿಗೂ ಅಮಾವಾಸ್ಯೆ ಇದೆ. ಹಮಾಲರ ಹಾಗೆ ಅದೂ ಅವತ್ತು ಕೆಲಸ ಮಾಡುವುದಿಲ್ಲ.

ಮರುದಿನ ಮಿಲ್ಲಿನಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಹಾವು ಒಲಿದ ಕಥೆ ಗೋದಾಮಿನ ಈ ತುದಿಯಿಂದ ಆ ತುದಿಗೆ ಹೋಗಿ, ಬರುವಾಗ ಹಾವು ಒಂದು ಮೊಳ ಬೆಳೆದಿತ್ತು. ಸಂಜೆ ಇಬ್ಬರು ಹಮಾಲರು ‘ತೋರಸ್ರಿ ಮೇಸ್ತ್ರಿ’ ಎಂದು ಬೆನ್ನು ಹತ್ತಿ ಬಂದರು. ನಿಂತ ಕಾಲಲ್ಲಿ ಪೆಟ್ಟಿಗೆಗೆ ಕೈ ಹಾಕಿದೆ. ಹಾವು ಎಲ್ಲಿ ಕಚ್ಚಿತು ಎಂಬುದು ಮುಖ್ಯವಲ್ಲ, ಯಾರ ಎದುರಿಗೆ ಕಚ್ಚಿತು ಎಂಬುದು ಮುಖ್ಯ.

“ಮೇಸ್ತ್ರಿ,” ಅಂದ ಒಬ್ಬ, ಮುಖ ಗಂಭೀರ ಮಾಡಿಕೊಂಡು, “ಕುಬಸ ಅಮಾಸಿ ದಿನಾನೇ ಇಟಗೊಳ್ರಿ.”

“ಇಲ್ಲಂದ್ರ ಹಾವಿಗೆ ರಜಾ ಚೀಟಿ ಬರದು ಕೊಡ್ರಿ,” ಅಂದ ಇನ್ನೊಬ್ಬ. ಇಬ್ಬರೂ ಚಹಾ ಕುಡಿದು, ದಾರಿಯುದ್ದಕ್ಕೂ ನಗುತ್ತ ಹೋದರು.

ಅವರು ಹೋದ ಮೇಲೆ ಹೆಂಡತಿ ಅರಿಶಿನ ಹಚ್ಚುತ್ತ ಹಚ್ಚುತ್ತ ನಿಲ್ಲಿಸಿಬಿಟ್ಟಳು. ನನ್ನ ಕೈ ಹಿಡಿದು ಮೂಸಿದಳು. ತೋಳು ಮೂಸಿದಳು. “ಅಂಗಿ ಬಿಚ್ರಿ,” ಅಂದಳು.

“ಯಾಕ?”

“ಬಿಚ್ರಿ ಅಂದ್ರ.”

ಬಿಚ್ಚಿ ಕೊಟ್ಟೆ. ಕಸಬರಿಗೆಯ ಹಿಡಿಗೆ ಅಂಗಿ ಸಿಕ್ಕಿಸಿ ಪೆಟ್ಟಿಗೆಯ ಮೇಲೆ ತೂಗಿ ಹಿಡಿದಳು. ಹಾವು ಕತ್ತು ಮಡಚಿತು, ಬಾಲ ನಡುಗಿಸಿತು, ಹಾರಿ ತೋಳಿಗೇ ಬಾಯಿ ಹಾಕಿತು. ಒಳಗೆ ನಾನಿಲ್ಲದ ತೋಳಿಗೆ. ಬರೀ ಅಂಗಿಯನ್ನು ಸುತ್ತಿ ಹಿಂಡತೊಡಗಿತು.

ಹೆಂಡತಿ ನೆಲಕ್ಕೆ ಕೂತು ನಕ್ಕಳು. ಅಡುಗೆಮನೆಯಿಂದ ಇಣುಕಿದ ಮಗಳು ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಒರಗಿದಳು.

“ಅದು ನಿಮಗ ಕಚ್ಚಾಕತ್ತಿಲ್ರೀ. ಇಲಿಗೆ ಕಚ್ಚಾಕತ್ತೈತಿ! ದಿನಾ ಗೋದಾಮಿನಿಂದ ಮೈತುಂಬ ಇಲಿ ವಾಸನಿ ಹೊತ್ಕೊಂಡು ಬಂದು ಕೈ ಮುಂದ ಮಾಡ್ತೀರಿ. ಆ ಬರ್ಫದ ಇಲಿ ಎಲ್ಲಿ, ನೀವೆಲ್ಲಿ! ಅದು ದೊಡ್ಡ ಇಲಿ ಆರಿಸ್ಕೊಳ್ತೈತಿ.”

“ನನಗ ಬರಂಗಿಲ್ಲಲ್ಲ ವಾಸನಿ?” ಅಂದೆ.

“ನಿಮಗ ಹೆಂಗ ಬರಬೇಕು? ಹುಟ್ಟಾ ಅದರಾಗ ಅದೀರಿ.”

ನೆಲ್ಲಿನ ಹಸಿ ಹಿಡಿಯುವ ನನ್ನ ಮೂಗಿನ ಬಗ್ಗೆ ಆಕೆ ಮುಂದೆ ಏನೋ ಹೇಳಿದಳು, ಅದನ್ನು ಇಲ್ಲಿ ಬರೆಯುವುದಿಲ್ಲ.

ನನಗೆ ಸಿಟ್ಟು ಬಂತು. ಆ ಗೋದಾಮಿನ ವಾಸನೆಯಲ್ಲೇ ಈ ಮನೆ ಕಟ್ಟಿದ್ದೇನೆ, ಮಗಳ ಮದುವೆ ಮಾಡಿದ್ದೇನೆ. ಯಾವನೋ ಪರದೇಶದ ಹಾವಿಗಾಗಿ ದುಡಿಮೆಯ ವಾಸನೆ ತೊಳೆದುಕೊಳ್ಳಬೇಕೆ? ನಾನು ಮೈಗೆ ಪರಿಮಳದ ಸೋಪು ಹಚ್ಚಿದವನಲ್ಲ. ಅದು ಮದುಮಕ್ಕಳಿಗೆ ಮತ್ತು ಎಲೆಕ್ಷನ್ನಿಗೆ ನಿಂತವರಿಗೆ. “ಕಚ್ಚಿದ್ರ ಕಚ್ಚಲಿ,” ಅಂದೆ.

ಮಗಳು ನಗು ನಿಲ್ಲಿಸಿ ಬಂದು ನನ್ನ ಮಗ್ಗುಲಿಗೆ ಕಷ್ಟಪಟ್ಟು ಕೂತಳು. “ಅಪ್ಪಾ, ನೀ ಹಗ್ಗ ಇದ್ದಂಗ ಅಂತ ನಮ್ಮತ್ತಿಗೆ ಹೇಳೀದಿ. ಕುಬಸದ ದಿನ ನಿನ್ನ ಕಚ್ಚಿತಂದ್ರ ಅದನ್ನ ಯಾರರ ಒಯ್ತಾರು. ಹೋಗೂವಾಗ ಕೂಸು ಇರ್ತೈತಿ ಖರೆ, ಆದ್ರ ಅದು ಇಲ್ಲದ ಆ ಮನಿ ನನಗ ಬಣಬಣ ಅನ್ನಸ್ತೈತಿ.”

ನಾನು ಅಂಗಿಯಿಂದ ಹಾವನ್ನು ಬಿಡಿಸುವುದರಲ್ಲಿದ್ದೆ.

ಕುಬಸದ ದಿನ ರಜೆ ಹಾಕಿದೆ. ಸುಗ್ಗಿಯ ನೆಲ್ಲು ಬರುವ ಕಾಲದಲ್ಲಿ ರಜೆ ಕೇಳಿದ್ದು ಅದೇ ಮೊದಲು, ಮಾಲೀಕರು ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ಬೆಳಿಗ್ಗೆ ಬಚ್ಚಲಿಗೆ ಹೋದರೆ ಅಲ್ಲಿ ಸೀಗೆಪುಡಿಯ ಪಕ್ಕ ಖಾಲಾ ಕೊಟ್ಟ ಗಂಧದ ಸೋಪು ಕಾಗದ ಬಿಚ್ಚಿಸಿಕೊಂಡು ಕಾಯುತ್ತಿತ್ತು. ಸುತ್ತ ನೋಡಿದೆ. ಬಚ್ಚಲಲ್ಲಿ ಯಾರಿರುತ್ತಾರೆ? ಆದರೂ ನೋಡಿದೆ. ಹಚ್ಚಿದೆ. ಹೊರಗೆ ಬಂದಾಗ ಖಾಲಾ ಗೋಡೆಯ ಆಚೆಯಿಂದ, “ಮಾಶಾಲ್ಲಾ! ಯಾರೀ ನೌಷಾ? ಮದುಮಗನ ಬಾರಾತ್ ಎಲ್ಲಿಗೆ ಹೊಂಟೈತಿ?” ಅಂದಳು.

ಮನೆ ತುಂಬಿತು. ಮಗಳು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು, ಕೈ ತುಂಬ ಬಳೆ. ಅಳಿಯನೂ ಬೀಗತಿಯೂ ಹಟ್ಟಿಯಿಂದ ಬಂದಿದ್ದರು. ಬೀಗತಿ ಉಡಿ ತುಂಬಿ, ಆರತಿ ಮಾಡಿ, ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು. “ಎಲ್ಲೈತ್ರಿ ನಿಮ್ಮ ಹಗ್ಗ?”

ಪೆಟ್ಟಿಗೆ ತೆರೆದೆ. ಕೈ ಒಳಗಿಟ್ಟೆ. ಹಾವು ನಾಲಗೆ ಚಾಚಿತು. ಗಂಧದ ಸೋಪಿನವನು ಯಾರು ಎಂದು ಸ್ವಲ್ಪ ಯೋಚಿಸಿತು. ಆಮೇಲೆ ಬೆರಳು, ಮಣಿಕಟ್ಟು, ಮೊಣಕೈ. ಹೊಸ ಅಂಗಿಯ ತೋಳಿನ ಮೇಲೆ ಸದ್ದಿಲ್ಲದೆ ಹರಿದು ಕತ್ತನ್ನು ಒಂದು ಸುತ್ತು ಸುತ್ತಿ ಮಲಗಿತು. ಹೆಂಗಸರ ನಡುವಿನಿಂದ ಒಂದು ಉಸಿರು ಎದ್ದಿತು. ಮಗಳು ನನ್ನ ಕಡೆ ನೋಡಿ ಬಳೆ ಸದ್ದು ಮಾಡಿದಳು. ನಾನು ಎದೆ ಉಬ್ಬಿಸಿ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿದೆ. ಅಲ್ಲಿಗೇ ಒಳಗಿಟ್ಟಿದ್ದರೆ ಆಗುತ್ತಿತ್ತು. ಎರಡನೆಯ ಸುತ್ತಿಗೆ ಹೊರಟೆ.

ಅಷ್ಟರಲ್ಲಿ ಬೀಗರು ಬಂದರು, ಅಂದರೆ ಅಳಿಯನ ತಂದೆ. ಅವರಿಗೆ ಮಸ್ಕಿಯಲ್ಲಿ ಕಾಳಿನ ವ್ಯಾಪಾರ. ಹೊಸ ಮಾಲು ಗೋದಾಮಿಗೆ ಇಳಿಸಿಕೊಂಡು ತಡವಾಗಿ ಬಂದಿದ್ದರು. ನನ್ನ ಕತ್ತಿನ ಹಾವು ನೋಡಿದ ಅವರಿಗೆ ನಾನು ಒಬ್ಬನೇ ಮೆರೆಯುವುದು ಸರಿಬರಲಿಲ್ಲ.

“ಇಷ್ಟ ಏನು? ಕೊಡ್ರಿ ಇತ್ತಾಗ,” ಎಂದು ಕೈ ಚಾಚಿದರು.

ನನ್ನ ಕತ್ತಿನ ಮೇಲೆ ಹಾವಿನ ಮೈ ಬಿಗಿಯಿತು. ಬಾಲ ಪಟಪಟ ಎಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಬ್ಯಾಡ್ರಿ ಎನ್ನುವಷ್ಟರಲ್ಲಿ ಬೀಗರ ಹೆಬ್ಬೆರಳು ಅದರ ಬಾಯಲ್ಲಿತ್ತು.

ಗಲಾಟೆ ಎದ್ದಿತು. ಹೆಂಡತಿ ಅಭ್ಯಾಸದಂತೆ ಕೊಡ ಎತ್ತಿ ಸುರಿದಳು, ಬೀಗರ ಜರಿ ರುಮಾಲು ತೊಯ್ದು ಮೂಗಿಗೆ ಇಳಿಯಿತು. ಹಾವು ಬಿಟ್ಟಿತು. ಬೀಗತಿ ಕೈ ಎತ್ತಿದಳು. “ನೋಡಿದ್ರಿ? ಕಚ್ಚಿತು. ಮಾತಂದ್ರ ಮಾತು.”

ಮಗಳ ಬಳೆ ಸದ್ದು ನಿಂತಿತ್ತು. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮಗಳ ಹಾವು. ಬೀಗರ ಕಡೆ ತಿರುಗಿದೆ.

“ಬೀಗರ, ಗೋದಾಮಿನಿಂದ ಸೀದಾ ಬಂದೀರೇನು?”

“ಹೌದ್ರಿ. ಯಾಕ?”

“ಕೈಗೆ ಇಲಿ ವಾಸನಿ ಬರ್ತೈತ್ರಿ. ಅದು ನಿಮ್ಮನ್ನ ಕಚ್ಚಿಲ್ಲ, ಇಲಿ ಅಂತ ತಿಳದೈತಿ. ನನಗೂ ಒಂದು ತಿಂಗಳು ಹಿಂಗ ಕಚ್ಚೈತಿ.” ತೋಳು ಮಡಚಿ ಗುರುತು ತೋರಿಸಿದೆ. “ಇವತ್ತು ಗಂಧದ ಸೋಪು ಹಚ್ಚಿ ಜಳಕ ಮಾಡೀನಿ. ಅದಕ್ಕ ಬಿಟ್ಟೈತಿ.”

ಖಾಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೀಗತಿ ನನ್ನ ಬಳಿ ಬಂದು ಹಾವನ್ನು ನೋಡಿದಳು. ಆಮೇಲೆ ಗಂಡನ ಬಳಿ ಹೋಗಿ, ಎಲ್ಲರ ಎದುರಿಗೇ ಬಗ್ಗಿ, ಆತನ ಕೈ ಮೂಸಿದಳು. ನೆಟ್ಟಗೆ ನಿಂತಾಗ ಆಕೆಯ ಮುಖವೇ ಬೇರೆಯಾಗಿತ್ತು.

“ಮದುವಿ ಆದಾಗಿಂದ ಬಡಕೊಂಡು ಬಂದೀನಿ,” ಅಂದಳು. “ಗೋದಾಮಿನಿಂದ ಬಂದು ಹಂಗ ತಾಟಿಗೆ ಕೂಡಬ್ಯಾಡ್ರಿ, ಜಳಕ ಮಾಡ್ರಿ ಅಂತ. ವಾಸನಿ ಎಲ್ಲೈತಿ, ನಿನಗ ಭ್ರಮಿ ಅಂತಿದ್ರಿ. ಈಗ ಹೇಳ್ರಿ. ಇದಕ್ಕೂ ಭ್ರಮೀ ಏನು?”

ಬೀಗರು ಬೆರಳು ಬಾಯಲ್ಲಿಟ್ಟುಕೊಂಡಿದ್ದರು.

“ಅತ್ತಿ, ಹಾವು?” ಅಂದಳು ಮಗಳು ಮೆಲ್ಲಗೆ.

“ಅದು ಎಲ್ಲೂ ಹೋಗಂಗಿಲ್ಲ. ಮನಿಯಾಗ ಖರೆ ಹೇಳೂದು ಒಂದರ ಇರಲಿ. ಪೆಟಗಿಗೆ ಮಾತ್ರ ಕೀಲಿ ಹಾಕಬೇಕು, ಕೀಲಿಕೈ ನನ್ನ ಕಡೆ ಇರ್ತೈತಿ.”

ಹೆರಿಗೆ ನಮ್ಮಲ್ಲೇ ಆಯಿತು, ಮೊಮ್ಮಗಳು. ಬಾಣಂತನ ಮುಗಿಸಿ ಮಗಳೂ ಕೂಸೂ ಹಾವೂ ಹಟ್ಟಿಗೆ ಹೋದರು. ಈ ಸಲ ಬೀಗತಿಯೇ ಕಾರಿನವನನ್ನು ಬೈದು ಹಾವನ್ನು ಕಾರಿನಲ್ಲಿ ಕೂರಿಸಿದಳು. ಈಗ ಮಸ್ಕಿಯಿಂದ ಬೀಗರು ಮೊಮ್ಮಗಳನ್ನು ನೋಡಲು ಹೋದರೆ, ಕೂಸಿಗೆಂದು ಹಟ್ಟಿಯಲ್ಲೇ ಉಳಿದ ಬೀಗತಿ ಬಾಗಿಲಲ್ಲೇ ಬಚ್ಚಲ ದಾರಿ ತೋರಿಸುತ್ತಾಳಂತೆ. ಅನುಮಾನ ಬಂದರೆ ಅಂಗಿ ಬಿಚ್ಚಿಸಿ ಪೆಟ್ಟಿಗೆಯ ಮೇಲೆ ಹಿಡಿಯುತ್ತಾಳಂತೆ. ಆ ಉಪಾಯ ಆಕೆಗೆ ಕಲಿಸಿದವಳು ನನ್ನ ಹೆಂಡತಿ.

ನಾನು ಹೋದ ವಾರ ಹೋಗಿದ್ದೆ. ಅಲ್ಲಿ ಮಾತು ಕೇಳುವುದು ಬೇಡವೆಂದು ಮನೆಯಲ್ಲೇ ಸೀಗೆಪುಡಿ, ಸೋಪು ಎರಡೂ ತಿಕ್ಕಿ, ಒಗೆದ ಅಂಗಿ ಹಾಕಿಕೊಂಡು ಹೊರಟಿದ್ದೆ. ಬೀಗತಿ ನನ್ನನ್ನು ಮೂಸದೆಯೇ ಒಳಗೆ ಬಿಟ್ಟಳು, ದೊಡ್ಡ ಮರ್ಯಾದೆ ಅದು. ತೊಟ್ಟಿಲು ತೂಗುತ್ತ ಕೂತಿದ್ದಾಗ ಪೆಟ್ಟಿಗೆಯ ಕಡೆ ನೋಡಿದೆ. ಹಾವು ಗಾಜಿನಾಚೆ ತಲೆ ಎತ್ತಿ ನಾಲಗೆ ಚಾಚಿ ನನ್ನನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ಕತ್ತು ಮೆಲ್ಲಗೆ ಮಡಚಿತು.

ಮನೆಯವರಿಗೆ ಹೇಳಲಿಲ್ಲ. ಇಷ್ಟು ವರ್ಷದ ದುಡಿಮೆಯ ವಾಸನೆ ಒಂದು ಸೋಪಿಗೆ ಹೋಗುವಂಥದ್ದಲ್ಲ ಎಂದು ಆ ಮನೆಯಲ್ಲಿ ಅದಕ್ಕೊಂದಕ್ಕೇ ಗೊತ್ತಿತ್ತು. ಮೀಸೆ ತಿರುವಿ ಅದರ ಕಡೆ ನೋಡಿ ನಕ್ಕೆ. ಕೈ ಮಾತ್ರ ತೊಟ್ಟಿಲ ಮೇಲೇ ಇತ್ತು.